ನಾನು ಬಿಗಿ ಮಾಡಿದ ಮುಚ್ಚಳಗಳು

ಅಕ್ಕ ನನ್ನ ಮನೆಗೆ ಬಂದು ಇಷ್ಟು ವರ್ಷವಾದರೂ ನಾನು ಅವಳಿಗಾಗಿ ಒಂದು ಮುಚ್ಚಳವನ್ನೂ ಸಡಿಲ ಬಿಡಲಿಲ್ಲ. ಔಷಧ ತಂದೆ, ಎಣ್ಣೆ ತಂದೆ, ದವಾಖಾನೆಗೆ ಕರೆದುಕೊಂಡು ಹೋದೆ, ದಿನಾ ಬೆಳಿಗ್ಗೆ ಬಕೀಟಿನಲ್ಲಿ ಬಿಸಿನೀರು ತುಂಬಿಸಿಟ್ಟೆ. ಇಷ್ಟೆಲ್ಲ ಮಾಡಿದವನು ಉಪ್ಪಿನಕಾಯಿ ಬಾಟಲಿಯನ್ನು ಅರ್ಧ ಸುತ್ತು ಹಿಂದಕ್ಕೆ ತಿರುಗಿಸಿ ಇಡಲಿಲ್ಲ. ಕೇಳಿದರೆ ಬಹಳ ಸಣ್ಣ ತಪ್ಪು ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು. ಅದಕ್ಕೇ ಅದು ಅಷ್ಟು ದಿನ ನಡೆಯಿತು.

ನಾನು ಏಳನೆಯ ಇಯತ್ತೆಯವರೆಗೆ ಮಾತ್ರ ಓದಿದವನು. ಹೈದರಾಬಾದಿನ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಹೆಲ್ಪರನಾಗಿ ಸೇರಿ, ಫಿಟ್ಟರನಾಗಿ ನಿವೃತ್ತನಾದೆ. ನನ್ನದು ಪೈಪುಗಳ ಕೆಲಸ. ಎರಡು ಪೈಪು ಎಲ್ಲಿ ಕೂಡುತ್ತವೆಯೋ ಅಲ್ಲಿ ನಾನು, ನನ್ನ ಕೈಯಲ್ಲಿ ನಟ್ಟು ತಿರುಗಿಸುವ ಒಂದು ಪಾನಾ. ಕೆಲಸ ಕಲಿಸಿದ ಮೇಸ್ತ್ರಿ, ‘ಪೈಪು ಸೋರಿದರೆ ಹೋಗುವುದು ನೀರಲ್ಲ, ಫಿಟ್ಟರನ ಮರ್ಯಾದೆ’ ಎನ್ನುತ್ತಿದ್ದ. ನನ್ನ ಮರ್ಯಾದೆ ಒಂದು ಹನಿಯೂ ಸೋರದಂತೆ ನೋಡಿಕೊಂಡೆ. ನಿವೃತ್ತಿಯ ದಿನ ಶಾಲು ಹೊದಿಸಿ, ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಆದರೆ ಆ ಸುದ್ದಿಯನ್ನು ನನ್ನ ಕೈಗಳಿಗೆ ಯಾರೂ ಹೇಳಲಿಲ್ಲ. ಅವು ಮನೆಯಲ್ಲಿ ಡ್ಯೂಟಿ ಮುಂದುವರಿಸಿದವು.

ಹೈದರಾಬಾದಿನ ಉಪ್ಪಲ್‌ನಲ್ಲಿ ಎರಡನೆಯ ಮಹಡಿಯ ಮೇಲೆ ನಮ್ಮ ಮನೆ. ನಲ್ಲಿಗೆ ನೀರು ದಿನ ಬಿಟ್ಟು ದಿನ ಬರುತ್ತದೆ. ಅಂಥ ಓಣಿಯಲ್ಲಿ ತೊಟ್ಟಿಕ್ಕುವ ನಲ್ಲಿ ಇಟ್ಟುಕೊಳ್ಳುವುದು ಪಾಪ ಎಂದು ನನ್ನ ನಂಬಿಕೆ. ಸಂಜೆಯ ಊಟ ಮುಗಿದ ಮೇಲೆ ನಾನೊಂದು ಸುತ್ತು ಹಾಕುತ್ತಿದ್ದೆ. ಮೊದಲು ನಲ್ಲಿಗಳು, ಆಮೇಲೆ ಗ್ಯಾಸಿನ ಗುಂಡಿ, ಆಮೇಲೆ ಬಾಟಲಿಗಳು. ಶೇಂಗಾ ಚಟ್ನಿಪುಡಿ, ಉಪ್ಪಿನಕಾಯಿ, ತುಪ್ಪ, ಕೊಬ್ಬರಿ ಎಣ್ಣೆ, ಕೊನೆಗೆ ಅಕ್ಕನ ಮಾತ್ರೆಯ ಡಬ್ಬಿ. ಒಂದೊಂದನ್ನೂ ‘ಕಟ್’ ಎಂಬ ಸಣ್ಣ ಸಪ್ಪಳ ಬರುವವರೆಗೆ ತಿರುಗಿಸಿದರೇ ನನಗೆ ನಿದ್ದೆ. ನನ್ನ ಹೆಂಡತಿ ಇದ್ದಾಗ, ‘ನಿಮ್ಮ ಕೈಯಾಗ ಸಿಕ್ಕ ಬಾಟ್ಲಿ ಜೇಲಿಗೆ ಹೋದಂಗರಿ’ ಎಂದು ನಗುತ್ತಿದ್ದಳು. ಅವಳ ಕೈಯಲ್ಲಿ ಜೇಲಿನ ಬೀಗ ಮುರಿಯುವ ಶಕ್ತಿ ಇತ್ತು. ಆದ್ದರಿಂದ ಆ ಮಾತನ್ನು ನಾನು ಹೊಗಳಿಕೆ ಎಂದುಕೊಂಡಿದ್ದೆ.

ಹೆಂಡತಿ ತೀರಿಕೊಂಡ ಮೇಲೆ ಅಕ್ಕ ಬಂದಳು. ಭಾವ ಅದಕ್ಕೂ ಮೊದಲೇ ಹೋಗಿದ್ದರು. ನಿಜ ಹೇಳಬೇಕೆಂದರೆ ಹೈದರಾಬಾದಿಗೆ ನನ್ನನ್ನು ಕರೆದು ತಂದವಳೇ ಅಕ್ಕ. ರಾಯಚೂರಿನಿಂದ ನಾರಾಯಣಗೂಡದ ಒಂದು ಖೋಲಿಗೆ ಸೊಸೆಯಾಗಿ ಬಂದವಳು, ಶಾಲೆ ಬಿಟ್ಟು ಊರಲ್ಲಿ ಅಲೆಯುತ್ತಿದ್ದ ನನ್ನನ್ನು ಕರೆಸಿಕೊಂಡು, ಭಾವನಿಂದ ಹತ್ತು ಕಡೆ ಹೇಳಿಸಿ ಕಾರ್ಖಾನೆಗೆ ಸೇರಿಸಿದಳು. ಬೀದಿಯ ನಲ್ಲಿಯಿಂದ ಎರಡು ತಾಮ್ರದ ಕೊಡಗಳನ್ನು ಒಂದೇ ಸಲಕ್ಕೆ ಹೊತ್ತು ತರುತ್ತಿದ್ದ ಕೈಗಳವು. ರೊಟ್ಟಿ ಬಡಿದರೆ ಪಕ್ಕದ ಮನೆಯವರು ಊಟದ ಹೊತ್ತಾಯಿತೆಂದು ಏಳುತ್ತಿದ್ದರು.

ಆ ಕೈಗಳಿಗೆ ಕೀಲುವಾತ ಹಿಡಿಯಿತು. ಬೆರಳಿನ ಗೆಣ್ಣುಗಳು ಬಾತು ಅಡಿಕೆಯ ಹಾಗಾದವು. ಬೆಳಿಗ್ಗೆ ಏಳುವಾಗ ಎರಡೂ ಕೈ ಮರದ ಕೈಗಳು. ಮುಷ್ಟಿ ಕಟ್ಟಲು ಹೋದರೆ ಅರ್ಧ ದಾರಿಯಲ್ಲಿ ನಿಲ್ಲುತ್ತವೆ. ಬಿಸಿಲು ಏರಿದ ಹಾಗೆ ನಿಧಾನವಾಗಿ ಬಿಟ್ಟುಕೊಳ್ಳುತ್ತವೆ. ಚಹಾದ ಕಪ್ಪನ್ನು ಎರಡು ಅಂಗೈಗಳ ನಡುವೆ ಹಿಡಿದು, ಪೂಜೆಗೆ ಕೂತವಳ ಹಾಗೆ ಕುಡಿಯುತ್ತಾಳೆ. ಲೈಟಿನ ಸ್ವಿಚ್ಚನ್ನು ಮೊಣಕೈಯಿಂದ ಒತ್ತುತ್ತಾಳೆ. ಸೌಟಿನ ಹಿಡಿಗೆ ಹಳೆಯ ಸೀರೆಯ ಅಂಚು ಸುತ್ತಿ ದಪ್ಪ ಮಾಡಿಕೊಂಡಿದ್ದಾಳೆ. ಮಾತ್ರೆಯನ್ನು ಹಾಳೆಯಿಂದ ಹೊರಗೆ ಒತ್ತಲು ಬಾರದೆ ಕೀಲಿಕೈಯಿಂದ ತಿವಿಯುತ್ತಾಳೆ. ಹಾಗೆ ತಿವಿದಾಗ ಅದು ಹಾರಿ ಫ್ರಿಜ್ಜಿನ ಕೆಳಗೆ ಹೋಗುತ್ತದೆ. ನಮ್ಮ ಮನೆಯ ಫ್ರಿಜ್ಜಿಗೆ ಇನ್ನು ಜನ್ಮದಲ್ಲಿ ಕೀಲುನೋವು ಬರುವುದಿಲ್ಲ.

ದವಾಖಾನೆಯ ಡಾಕ್ಟರಮ್ಮ ನನ್ನನ್ನು ಎದುರು ಕೂಡಿಸಿಕೊಂಡು ಹಿಂದಿಯಲ್ಲಿ ಬಿಡಿಸಿ ಹೇಳಿದ್ದಳು. ಇದು ಗುಣವಾಗಿ ಹೋಗುವ ಬೇನೆಯಲ್ಲ, ಸಂಭಾಳಿಸಿಕೊಂಡು ಬಾಳುವ ಬೇನೆ. ಮಾತ್ರೆ ನಡುವೆ ಬಿಡಬಾರದು. ಬೆಳಿಗ್ಗೆ ಬಿಸಿನೀರಿನಲ್ಲಿ ಕೈ ಅದ್ದಬೇಕು. ಕೈ ತಿರುಚುವಂಥ ಕೆಲಸ ಆದಷ್ಟು ಕಡಿಮೆ ಮಾಡಬೇಕು. ನಾನು ಎಲ್ಲಕ್ಕೂ ತಲೆ ಆಡಿಸಿದೆ. ತಿರುಚುವುದು ಎಂದರೆ ಬಟ್ಟೆ ಹಿಂಡುವುದು ಎಂದು ಅಲ್ಲೇ ತೀರ್ಮಾನಿಸಿ, ಅಂದಿನಿಂದ ಅಕ್ಕನ ಸೀರೆಗಳನ್ನು ನಾನೇ ಹಿಂಡತೊಡಗಿದೆ. ನಾನು ಹಿಂಡಿದ ಸೀರೆ ಹಗ್ಗದ ಹಾಗಾಗುತ್ತಿತ್ತು. ಬಿಡಿಸಲು ಅಕ್ಕನಿಗೆ ಅರ್ಧ ತಾಸು ಬೇಕಾಗುತ್ತಿತ್ತು ಎಂಬುದು ಬೇರೆ ಮಾತು. ಟೀ ಅಂಗಡಿಯಲ್ಲಿ ಕೂತಾಗ, ‘ಅಕ್ಕನ ಬಟ್ಟಿ ನಾನ ಹಿಂಡ್ತೀನ್ರಿ’ ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದೆ. ಇಷ್ಟು ಮಾಡುವವನಿಗೆ ಮುಚ್ಚಳದ ವಿಷಯ ಯಾಕೆ ಹೊಳೆಯಬೇಕು?

ಅಕ್ಕ ಬಾಯಿ ಬಿಟ್ಟು ಹೇಳಲಿಲ್ಲ ಎಂದು ನಾನು ತಪ್ಪಿಸಿಕೊಳ್ಳುವಂತಿಲ್ಲ. ಹೇಳಿದಳು. ಬಂದ ಹೊಸದರಲ್ಲೇ ಹೇಳಿದಳು.

‘ತಮ್ಮಾ, ಬಾಟ್ಲಿ ಮುಚ್ಚಳಾ ಸ್ವಲ್ಪ ಸಡ್ಲ ಇಡೋ. ಮುಂಜಾನೆ ನನ್ನ ಕೈಗೆ ಬರವಲ್ದು.’

‘ಸಡ್ಲ ಇಟ್ರ ಇರುವಿ ಬರ್ತಾವಕ್ಕಾ. ಒಳಗ ಹವಾ ಹೋಗ್ತೈತಿ, ಪುಡಿ ಮೆತ್ತಗಾಗ್ತೈತಿ.’

‘ಆದ್ರ ಆಗ್ಲಿ. ಮೆತ್ತಗಿಂದs ತಿಂತೀನಿ.’

ಇನ್ನೊಂದು ದಿನ ತುಪ್ಪದ ಬಾಟಲಿಯನ್ನೇ ನನ್ನ ಮುಂದೆ ತಂದಿಟ್ಟಳು. ನಾನದನ್ನು ಎರಡೇ ಬೆರಳಿನಲ್ಲಿ ತೆರೆದು, ಜಾದೂಗಾರನ ಹಾಗೆ ಮುಚ್ಚಳವನ್ನು ಮೇಲೆತ್ತಿ ತೋರಿಸಿದೆ. ಅಷ್ಟಕ್ಕೇ ಸುಮ್ಮನಾಗಲಿಲ್ಲ. ‘ಮುಚ್ಚಳಾ ತಗ್ಯೂದಂದ್ರ ಏನ್ ಕುಸ್ತಿ ಹಿಡ್ಯೂದೇನಕ್ಕಾ? ಮನಸ್ಸ ಮಾಡಿದ್ರ ಬರ್ತೈತಿ’ ಎಂದೆ.

ಅಕ್ಕ ತನ್ನ ಬೆರಳುಗಳನ್ನು ಒಮ್ಮೆ ನೋಡಿಕೊಂಡಳು. ‘ಹೌದಪಾ. ಮನಸ್ಸಿಗೆ ಕೀಲ ಇಲ್ಲ ನೋಡು, ಅದಕ್ಕ ಬರ್ತೈತಿ’ ಎಂದಳು. ನಾನು ನಕ್ಕೆ. ಚೆನ್ನಾಗಿ ಮಾತಾಡಿದಳು ಅನ್ನಿಸಿತೇ ಹೊರತು ಬೇರೇನೂ ಅನ್ನಿಸಲಿಲ್ಲ. ನಾನು ಮೊದಲಿನ ಹಾಗೆ ಸುತ್ತು ಹಾಕುವುದನ್ನು ಮುಂದುವರಿಸಿದೆ. ಅವಳು ಆಮೇಲೆ ಆ ಮಾತು ಎತ್ತಲಿಲ್ಲ. ಕೈ ಸುಧಾರಿಸಿದೆ, ಔಷಧ ಹಿಡಿದಿದೆ ಎಂದು ನಾನು ತಿಳಿದೆ.

ಅದಾದ ಮೇಲೆ ಮನೆಯಲ್ಲಿ ಕೆಲವು ವಿಚಿತ್ರಗಳು ಶುರುವಾದವು. ಮೊದಲನೆಯದು ಚಟ್ನಿಪುಡಿ. ಇಬ್ಬರೇ ತಿನ್ನುವ ಮನೆಯಲ್ಲಿ ಪುಡಿ ಹತ್ತು ಜನ ಉಂಡ ಹಾಗೆ ಖಾಲಿಯಾಗುತ್ತಿತ್ತು. ಉಪ್ಪಿನಕಾಯಿಯೂ ಹಾಗೇ. ಹುಳಿ ತಿಂದರೆ ಕೀಲು ಹಿಡಿಯುತ್ತದೆ ಎಂದು ಯಾರೋ ನನಗೆ ಹೇಳಿದ್ದರು. ಡಾಕ್ಟರಮ್ಮ ಹಾಗೆಂದು ಹೇಳಿರಲಿಲ್ಲ. ಆದರೂ ಡಾಕ್ಟರು ಹೇಳದ್ದನ್ನು ನಂಬುವುದರಲ್ಲಿ ಒಂದು ಸುಖವಿದೆ. ಅಕ್ಕ ನಾಲಿಗೆಯ ಚಪಲಕ್ಕೆ ಕದ್ದು ಉಪ್ಪಿನಕಾಯಿ ತಿನ್ನುತ್ತಿದ್ದಾಳೆಂದು ನನಗೆ ಗಟ್ಟಿಯಾಯಿತು. ಆ ಬಾಟಲಿಯನ್ನು ಇನ್ನಷ್ಟು ಬಿಗಿ ಮಾಡಿದೆ.

ಎರಡನೆಯದು ಎಣ್ಣೆ. ಚಾರ್‌ಮಿನಾರ್ ಕಡೆಯ ಒಂದು ಯುನಾನಿ ಅಂಗಡಿಯಿಂದ ಕೀಲಿಗೆ ಹಚ್ಚುವ ಎಣ್ಣೆ ತಂದುಕೊಟ್ಟಿದ್ದೆ. ಬಸ್ಸಿನಲ್ಲಿ ನನ್ನ ಪಕ್ಕದವನು ಎದ್ದು ಬೇರೆ ಸೀಟಿಗೆ ಹೋಗುವಷ್ಟು ವಾಸನೆ ಅದಕ್ಕೆ. ಸೋರಬಾರದೆಂದು ಅದರ ಮುಚ್ಚಳವನ್ನು ನನ್ನ ಜೀವಮಾನದ ಅನುಭವವನ್ನೆಲ್ಲ ಹಾಕಿ ತಿರುಗಿಸಿದ್ದೆ. ಆ ಎಣ್ಣೆ ಇಳಿಯಲೇ ಇಲ್ಲ. ‘ನಾ ಅಷ್ಟು ದೂರಿಂದ ತಂದೀನಿ, ನೀ ಒಂದು ಹನಿ ಹಚ್ಚವಲ್ಲಿ’ ಎಂದು ಬೈದೆ. ‘ಹಚ್ಚತೀನಪಾ, ಮುಹೂರ್ತ ಬರ್ಲಿ’ ಎಂದಳು.

ಮೂರನೆಯದು ಇಲಿ. ಅಡುಗೆಮನೆಯ ಬಾಗಿಲ ಚೌಕಟ್ಟಿನಲ್ಲಿ, ಕೀಲುಗಳಿರುವ ಕಡೆ, ಯಾವುದೋ ಹಲ್ಲು ಊರಿ ಕಡಿದ ಹಾಗೆ ಗುರುತುಗಳು ಕಂಡವು. ವಾರಕ್ಕೊಂದು ಹೊಸ ಗುರುತು. ಇಲಿ ಬೋನು ತಂದಿಟ್ಟೆ. ಅದರಲ್ಲಿ ತೆಂಗಿನ ಚೂರು ಸಿಕ್ಕಿಸಿದೆ, ಬಜ್ಜಿ ಸಿಕ್ಕಿಸಿದೆ. ಇಲಿ ಬಹಳ ಜಾಣ. ಬಜ್ಜಿಯನ್ನು ಮುಟ್ಟದೆ ಮರವನ್ನೇ ತಿನ್ನುತ್ತಿತ್ತು. ‘ಇದು ಭಾಳ ದೊಡ್ಡ ಇಲಿ ಇರಬೇಕಕ್ಕಾ’ ಎಂದರೆ ಅಕ್ಕ, ‘ಹೌದು, ವಯಸ್ಸಾಗಿರಬೇಕು ಅದಕ್ಕ’ ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಈ ನಡುವೆ ರಾಯಚೂರಿನಿಂದ ನಮ್ಮ ತಂಗಿಯ ಫೋನು ಬರುತ್ತಲೇ ಇತ್ತು. ‘ಅಕ್ಕನ್ನ ಇತ್ಲಾಗ ಕಳಸಣ್ಣಾ, ನನ್ನ ಕಡೆ ಇರ್ಲಿ’ ಎನ್ನುತ್ತಿದ್ದಳು. ಅಕ್ಕ, ‘ನೋಡೂಣು’ ಎನ್ನುತ್ತಿದ್ದಳು. ಆ ‘ನೋಡೂಣು’ ಮೊದಲು ದೂರದಲ್ಲಿತ್ತು. ಬರಬರುತ್ತ ಹತ್ತಿರ ಬಂತು. ನನಗೆ ಒಳಗೇ ಹೆದರಿಕೆ. ಅಕ್ಕ ಹೋದರೆ ಈ ಮನೆಯಲ್ಲಿ ಕನ್ನಡದಲ್ಲಿ ಬೈಸಿಕೊಳ್ಳಲು ನನಗೆ ಯಾರೂ ಇರುವುದಿಲ್ಲ. ಮಗಳು ಮದುವೆಯಾಗಿ ಪುಣೆಯಲ್ಲಿದ್ದಾಳೆ, ಮೊಮ್ಮಕ್ಕಳು ಫೋನಿನಲ್ಲಿ ಹೇಗಿದ್ದೀರಿ ಎನ್ನುವುದನ್ನೂ ಮರಾಠಿಯಲ್ಲಿ ‘ಕಸೇ ಆಹಾತ’ ಎನ್ನುತ್ತಾರೆ. ಹೆದರಿಕೆ ಹೆಚ್ಚಾದಂತೆ ಅಕ್ಕನಿಗಾಗಿ ಮನೆಯನ್ನು ಇನ್ನಷ್ಟು ಗಟ್ಟಿ ಮಾಡೋಣ ಅನ್ನಿಸಿತು. ನನಗೆ ಬರುವುದು ಅದೊಂದೇ.

ನಮ್ಮ ಬಚ್ಚಲು ಮನೆಯ ಹೊರಗೆ, ಮೆಟ್ಟಿಲಿನ ಪಕ್ಕದಲ್ಲಿದೆ. ಮಳೆಗಾಲದಲ್ಲಿ ಅದರ ಬಾಗಿಲು ಉಬ್ಬಿ ಹಳೆಯ ಚಿಲಕ ಸರಿಯಾಗಿ ಕೂಡುತ್ತಿರಲಿಲ್ಲ. ಅಕ್ಕ ಒಳಗಿದ್ದಾಗ ಬಾಗಿಲು ತಾನೇ ತೆರೆದುಕೊಂಡರೆ ಗತಿಯೇನು? ಕೋಟೆಗೂ ಸಾಲುವಂಥ ಒಂದು ಉಕ್ಕಿನ ಚಿಲಕ ತಂದು, ಉದ್ದುದ್ದ ಸ್ಕ್ರೂ ಹಾಕಿ ಕೂಡಿಸಿದೆ. ಹೊರಗಿನ ಮೂರು ಕೀಲುಗಳ ಕಡ್ಡಿಗಳನ್ನೂ ಎರಡೂ ತುದಿಯಲ್ಲಿ ಬಡಿದು ಚಪ್ಪಟೆ ಮಾಡಿದೆ. ಇನ್ನು ಆ ಬಾಗಿಲು ಭೂಕಂಪಕ್ಕೂ ಬಗ್ಗುವುದಿಲ್ಲ ಎಂದುಕೊಂಡು ದೂರ ನಿಂತು ನೋಡಿ ಸಂತೋಷಪಟ್ಟೆ.

ಮರುದಿನ ಬೆಳಿಗ್ಗೆ ಬಚ್ಚಲಲ್ಲಿ ಬಿಸಿನೀರು ತುಂಬಿಸಿಟ್ಟು ಟೀ ಅಂಗಡಿಗೆ ಹೋದೆ. ತಿರುಗಿ ಬರುವಷ್ಟರಲ್ಲಿ ಮೆಟ್ಟಿಲ ಮೇಲೆ ಜನ. ಒಳಗಿನಿಂದ ತಂಬಿಗೆ ಬಡಿಯುವ ಸಪ್ಪಳ. ಕೆಳಗಿನ ಮನೆಯ ತೆಲುಗು ಹೆಂಗಸು ಬಚ್ಚಲ ಬಾಗಿಲ ಮುಂದೆ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು. ಮೆಟ್ಟಿಲ ಕೆಳಗೆ ಇಸ್ತ್ರಿ ಮಾಡುವವನು ಕಾದ ಇಸ್ತ್ರಿಪೆಟ್ಟಿಗೆಯನ್ನು ಬಿಟ್ಟು ಬಂದಿದ್ದ. ನಾನು ಜನರನ್ನು ಸರಿಸಿಕೊಂಡು ಬಾಗಿಲಿಗೆ ಓಡಿದೆ.

‘ಅಕ್ಕಾ! ಏನಾತು?’

‘ಏನೂ ಆಗಿಲ್ಲ. ಒಳಗ ಅದೀನಿ.’

‘ಬಿದ್ದೀಯೇನು?’

‘ಬಿದ್ದಿಲ್ಲ. ಸ್ಟೂಲಿನ ಮ್ಯಾಲ ಕುಂತೀನಿ.’

‘ಮತ್ತ ಚಿಲಕ ತಗಿ!’

‘ತಗ್ಯಾಕ ಬಂದಿದ್ರ ನಿನ್ನ ಕೂಡ ಬಾಗಿಲ ಮರೀಗೆ ಯಾಕ ಮಾತಾಡ್ತಿದ್ನೋ?’

ಆ ಚಿಲಕವನ್ನು ಹಾಕುವಾಗ ಅಂಗೈಯಿಂದ ನೂಕಿದರೆ ಸಾಕು. ತೆಗೆಯುವಾಗ ಮಾತ್ರ ಎರಡು ಬೆರಳಿನಿಂದ ಹಿಡಿದು ಎಳೆಯಬೇಕು. ಅಕ್ಕನ ಬೆರಳುಗಳಿಗೆ ಅದು ಬೆಳಗಿನ ಹೊತ್ತು. ಇದು ನನಗೆ ಹೊಳೆಯುವ ಮೊದಲೇ ರೂಢಿಯಂತೆ ನನ್ನ ಬಾಯಿ ತೆರೆದುಕೊಂಡಿತು. ‘ಅಕ್ಕಾ, ಸ್ವಲ್ಪ ಮನಸ್ಸ…’

ಮೆಟ್ಟಿಲ ಮೇಲಿದ್ದವರೆಲ್ಲ ಒಮ್ಮೆಲೇ ನನ್ನ ಕಡೆ ತಿರುಗಿದರು. ನಾನು ಆ ಮಾತನ್ನು ಅರ್ಧಕ್ಕೇ ನುಂಗಿದೆ.

‘ಬಕೀಟಿನಾಗ ಬಿಸಿನೀರ ಐತಿ’ ಎಂದಳು ಅಕ್ಕ, ಒಳಗಿನಿಂದ ಆರಾಮವಾಗಿ. ‘ಕೈ ಅದ್ಕೊಂಡು ಕುಂತೀನಿ. ಬೆರಳ ಸಡ್ಲ ಆದ್ವಂದ್ರ ನಾನs ತಗೀತೀನಿ. ಎಲ್ಲಾರೂ ನಿಮ್ಮ ನಿಮ್ಮ ಕೆಲಸಾ ನೋಡ್ಕೋರಿ, ಹೋಗ್ರಿ.’

ಯಾರೂ ಹೋಗಲಿಲ್ಲ. ಅಂಥ ತಮಾಷೆ ಬಿಟ್ಟು ಯಾರು ಹೋಗುತ್ತಾರೆ? ನನಗೆ ಸುಮ್ಮನೆ ನಿಲ್ಲಲಾಗಲಿಲ್ಲ. ಫಿಟ್ಟರನಿಗೆ ಬಾಗಿಲು ಒಂದು ಲೆಕ್ಕವೇ? ಸುತ್ತಿಗೆ, ಉಳಿ ತಂದು ಕೀಲಿನ ಕಡ್ಡಿಯನ್ನು ಬಡಿದು ಹೊರಗೆ ತೆಗೆಯಲು ಕೂತೆ. ಬಡಿದೆ. ಅದು ಅಲ್ಲಾಡಲಿಲ್ಲ. ಇನ್ನೂ ಜೋರಾಗಿ ಬಡಿದೆ. ಉಳಿ ಜಾರಿ ಗೋಡೆಯ ಸುಣ್ಣ ಉದುರಿತು. ನಾನು ಬಡಿದು ಚಪ್ಪಟೆ ಮಾಡಿದ ಕಡ್ಡಿ ಅದು. ಯಾಕೆ ಬರುತ್ತದೆ? ಬೆವರು ಒರೆಸಿಕೊಳ್ಳುತ್ತಿದ್ದಾಗ ಕೆಳಗಿನ ಮನೆಯ ಹೆಂಗಸು ಮೆಲ್ಲಗೆ ಹೇಳಿದಳು:

‘ಮನಸು ಪೆಡಿತೇ ವಸ್ತುಂದಿ, ಅನ್ನಾ.’

ನನ್ನದೇ ಮಾತು. ಮನಸ್ಸು ಮಾಡಿದರೆ ಬರುತ್ತದೆ. ತೆಲುಗಿನಲ್ಲಿ ಕೇಳಿದಾಗ ಅದು ಎಂಥ ಮಾತು ಎಂಬುದು ನನಗೆ ಮೊದಲ ಸಲ ತಿಳಿಯಿತು.

‘ನಿಮಗ್ಯಾರು ಹೇಳಿದರು ಇದನ್ನು?’ ಎಂದು ಕೇಳಿದೆ.

ಕಾಯುವುದನ್ನು ಬಿಟ್ಟು ಬೇರೆ ಕೆಲಸವಿಲ್ಲದ್ದರಿಂದ ಅವಳು ಎಲ್ಲವನ್ನೂ ಹೇಳಿದಳು. ಅವಳದು ಅರ್ಧ ತೆಲುಗು, ಅರ್ಧ ಹಿಂದಿ. ಆದರೂ ಒಂದು ಅಕ್ಷರವೂ ತಪ್ಪದೆ ಅರ್ಥವಾಯಿತು. ದಿನಾ ಬೆಳಿಗ್ಗೆ ನಾನು ಟೀ ಅಂಗಡಿಗೆ ಹೋದ ಕೂಡಲೇ ಅಕ್ಕ ಬಟ್ಟೆಯ ಚೀಲದಲ್ಲಿ ಬಾಟಲಿಗಳನ್ನು ತುಂಬಿಕೊಂಡು, ಕಟಕಟೆ ಹಿಡಿದು ಎರಡು ಮಹಡಿ ಇಳಿಯುತ್ತಿದ್ದಳು. ಆ ಚೀಲವನ್ನು ನಾನೂ ನೋಡಿದ್ದೆ, ತರಕಾರಿ ಗಾಡಿಗೆ ಹೋಗುತ್ತಾಳೆಂದು ತಿಳಿದಿದ್ದೆ. ಈ ಹೆಂಗಸು ಒಂದೊಂದನ್ನೇ ತೆರೆದು ಕೊಡುತ್ತಿದ್ದಳು, ಅಕ್ಕ ನನ್ನ ಆ ಮಾತನ್ನು ಹೇಳಿ ಅವಳನ್ನು ನಗಿಸುತ್ತಿದ್ದಳು. ಬರಿಗೈಯಲ್ಲಿ ಉಪಕಾರ ಪಡೆಯುವವಳಲ್ಲ ನಮ್ಮ ಅಕ್ಕ. ತೆರೆದ ಬಾಟಲಿಯಿಂದ ಅಲ್ಲೇ ಒಂದು ಚಮಚ ಚಟ್ನಿಪುಡಿ, ಒಂದು ಹೋಳು ಉಪ್ಪಿನಕಾಯಿ ಅವಳ ತಟ್ಟೆಗೆ ಹಾಕಿ ಬರುತ್ತಿದ್ದಳು.

‘ನಮ್ಮ ಮನೆಯಲ್ಲಿ ಚಟ್ನಿ ಮಾಡುವುದನ್ನೇ ಬಿಟ್ಟಿದ್ದೇವೆ ಅನ್ನಾ’ ಎಂದಳು ಆಕೆ.

ಅವಳ ಕೈಗೂ ಬಾರದವು ಇಸ್ತ್ರಿಯವನ ಹತ್ತಿರ ಹೋಗುತ್ತಿದ್ದವಂತೆ. ಅವನು ಮುಚ್ಚಳವನ್ನು ಕಾದ ಇಸ್ತ್ರಿಪೆಟ್ಟಿಗೆಗೆ ತಾಗಿಸಿ, ಬಿಸಿ ಮಾಡಿ, ಬಟ್ಟೆ ಸುತ್ತಿ ತಿರುಗಿಸುತ್ತಿದ್ದ. ಅವನು ನನ್ನತ್ತ ನೋಡಿ ದಖನಿಯಲ್ಲಿ ಕೇಳಿದ: ‘ಬಡೇ ಭಾಯ್, ಏಕ್ ಬಾತ್ ಬೋಲೋ. ಓ ಢಕ್ಕನ್ ಹೈ ಕಿ ತಾಲಾ?’ ಅದು ಮುಚ್ಚಳವೋ ಬೀಗವೋ ಎಂದು. ಮೆಟ್ಟಿಲ ಮೇಲಿನವರೆಲ್ಲ ನಕ್ಕರು. ಆ ಯುನಾನಿ ಎಣ್ಣೆಯ ಬಾಟಲಿ ಮಾತ್ರ ಅವನಿಂದಲೂ ಆಗಲಿಲ್ಲವಂತೆ. ಬಿಸಿ ತಾಗಿದ ಕೂಡಲೇ ವಾಸನೆ ಎದ್ದು ಗಿರಾಕಿಗಳು ಓಡಿಹೋದರಂತೆ.

‘ಮತ್ತೆ ನೀವಿಬ್ಬರೂ ಇಲ್ಲದ ದಿನ ಅಕ್ಕ ಏನು ಮಾಡುತ್ತಿದ್ದಳು?’ ನನ್ನ ದನಿ ನನಗೇ ಕೇಳಿಸಲಿಲ್ಲ. ಅಕ್ಕನಿಗೆ ಕೇಳಿಸಿತು.

‘ಬಾಗಿಲ ಸಂದ್ಯಾಗ ಮುಚ್ಚಳಾ ಇಟ್ಟು, ಬಾಗಿಲಾ ಒತ್ತಿ ಹಿಡದು, ಬಾಟ್ಲಿ ತಿರುವತಿದ್ದೆ!’ ಬಚ್ಚಲ ಒಳಗಿನಿಂದ ಕೂಗಿದಳು. ‘ಚೌಕಟ್ಟ ಕಡದ ಇಲಿ ನಾನs. ಬಜ್ಜಿ ವಾಸನಿ ಭಾಳ ಚಲೋ ಇತ್ತು, ಆದ್ರ ಬೋನಿನಾಗ ಕೈ ಹಾಕಾಕ ಬರವಲ್ತು!’

ಈ ಸಲ ನಗು ಮೂರನೆಯ ಮಹಡಿಯವರೆಗೆ ಹೋಯಿತು. ನಾನೂ ನಗಬೇಕೆಂದು ನೋಡಿದೆ. ನಗು ಬರಲಿಲ್ಲ. ಕೈಯಲ್ಲಿ ಸುತ್ತಿಗೆ ಹಿಡಿದು, ನಾನೇ ಕೂಡಿಸಿದ ಬಾಗಿಲ ಮುಂದೆ ನೆಲದ ಮೇಲೆ ಕೂತಿದ್ದೆ. ಒಳಗೆ ನೀರಿನಲ್ಲಿ ಕೈ ಆಡಿಸುವ ಸಪ್ಪಳ ಕೇಳುತ್ತಿತ್ತು. ಎರಡು ತಾಮ್ರದ ಕೊಡ ಹೊರುತ್ತಿದ್ದ ಕೈಗಳು ಈಗ ಒಂದು ಚಿಲಕಕ್ಕಾಗಿ ನೀರಿನಲ್ಲಿ ನೆನೆಯುತ್ತಿದ್ದವು.

ಸ್ವಲ್ಪ ಹೊತ್ತಿಗೆ ಚಿಲಕ ಕಿರುಗುಟ್ಟಿತು. ನಿಂತಿತು. ಮತ್ತೆ ಕಿರುಗುಟ್ಟಿತು. ಬಾಗಿಲು ತೆರೆದು ಅಕ್ಕ ಹೊರಗೆ ಬಂದಳು. ಕೈಗಳು ಕೆಂಪಗೆ ಬೆಂದು ಸುಕ್ಕುಗಟ್ಟಿದ್ದವು. ನೆರೆದವರನ್ನೆಲ್ಲ ನೋಡಿ, ‘ಚಾ ಕುಡದು ಹೋಗ್ರಿ’ ಎಂದಳು. ಎಲ್ಲರೂ ಚಹಾ ಕುಡಿದೇ ಹೋದರು. ಸಕ್ಕರೆ ಡಬ್ಬಿಯನ್ನು ತೆರೆದವಳು ಕೆಳಗಿನ ಮನೆಯವಳೇ. ಅವರು ಹೋದ ಮೇಲೆ ಅಕ್ಕ ನನಗೆ ಹೇಳಿದ್ದು ಒಂದೇ ಮಾತು: ‘ತಂಗಿಗೆ ಫೋನ್ ಹಚ್ಚು. ಬರ್ತೀನಿ ಅಂತ ಹೇಳು.’

‘ಯಾಕಕ್ಕಾ? ಆಕಿ ಮನ್ಯಾಗ ಏನೈತಿ?’

‘ಆಕಿ ಮನ್ಯಾಗ ಒಂದು ಡಬ್ಬಿಗೂ ಮುಚ್ಚಳಾ ಇರಾಂಗಿಲ್ಲ. ಆಕಿ ಹುಟ್ಟಾ ಅಳ್ಳಕ. ನಾ ಕೈ ಇಟ್ಟಲ್ಲೆ ಎಲ್ಲಾ ತೆರದs ಇರ್ತೈತಿ.’

ನಮ್ಮ ಕಡೆ ಒಡಹುಟ್ಟಿದವರು ಒಬ್ಬರಿಗೊಬ್ಬರು ತಪ್ಪಾಯಿತು ಎಂದು ಬಾಯಿಂದ ಹೇಳುವ ಪದ್ಧತಿ ಇಲ್ಲ. ತಪ್ಪು ಮಾಡಿದವನು ಪೇಡೆ ತರುತ್ತಾನೆ. ಇನ್ನೊಬ್ಬರು ತಿನ್ನುತ್ತಾರೆ. ಅಲ್ಲಿಗೆ ಮುಗಿಯಿತು. ನಾನು ಪೇಡೆ ತಂದೆ. ಅಕ್ಕ ಡಬ್ಬಿಯನ್ನು ಹಾಗೇ ಕೆಳಗಿನ ಮನೆಗೆ ಕಳಿಸಿದಳು. ಪೇಡೆಯಿಂದ ಆಗದ್ದನ್ನು ಕೈಯಿಂದ ಮಾಡಿ ತೋರಿಸುತ್ತೇನೆಂದು ಹೊರಟೆ. ಮನೆಯ ಅಷ್ಟೂ ಮುಚ್ಚಳಗಳನ್ನು ಸಡಿಲ ಮಾಡಿದೆ. ಹಿಡಿಯನ್ನು ಮೊಣಕೈಯಿಂದ ನೂಕಿದರೆ ತೆರೆಯುವ ಹೊಸ ನಲ್ಲಿಗಳನ್ನು ಕೂಡಿಸಿದೆ. ಉಕ್ಕಿನ ಚಿಲಕವನ್ನು ಕಿತ್ತು, ಬಚ್ಚಲ ಬಾಗಿಲಿಗೆ ಬಟ್ಟೆಯ ಕುಣಿಕೆ ಹಾಕಿದೆ.

ಆದರೆ ಸಡಿಲ ಮಾಡುವುದನ್ನು ನನಗೆ ಯಾವ ಮೇಸ್ತ್ರಿಯೂ ಕಲಿಸಿರಲಿಲ್ಲ. ಎಷ್ಟು ಸಡಿಲ ಎಂಬ ಅಂದಾಜು ಸಿಗಲಿಲ್ಲ. ಉಪ್ಪಿನ ಡಬ್ಬಿಯನ್ನು ಎತ್ತಿದರೆ ಮುಚ್ಚಳ ಮಾತ್ರ ಕೈಗೆ ಬಂತು. ಉಪ್ಪೆಲ್ಲ ಸಾರಿನಲ್ಲಿ ಕೂತಿತು. ಚಟ್ನಿಪುಡಿಗೆ ಇರುವೆಗಳು ಸಂಸಾರ ಸಮೇತ ಬಂದವು. ಯುನಾನಿ ಎಣ್ಣೆಯನ್ನು ಪಾನಾ ಹಾಕಿ ಕೊನೆಗೂ ತೆರೆದೆ. ಅದು ಅದೇ ದಿನ ಕಪಾಟಿನಲ್ಲಿ ಮಗುಚಿತು, ಅಷ್ಟನ್ನೂ ನನ್ನ ನಿವೃತ್ತಿಯ ಶಾಲು ಕುಡಿಯಿತು. ಶಾಲಿಗೆ ಈಗ ಯಾವ ನೋವೂ ಇಲ್ಲ, ಆದರೆ ಅದನ್ನು ಹೊದೆಯುವವರೂ ಇಲ್ಲ.

ಅಕ್ಕ ಎಲ್ಲವನ್ನೂ ನೋಡಿದಳು. ಇರುವೆಗಳನ್ನು ಜರಡಿಯಲ್ಲಿ ಸೋಸುತ್ತ, ‘ಚಲೋ ಮಾಡೀದಿ’ ಎಂದಳು. ಆದರೆ ಚೀಲಕ್ಕೆ ಸೀರೆಗಳನ್ನು ತುಂಬುವುದನ್ನು ನಿಲ್ಲಿಸಲಿಲ್ಲ.

ಕಾಚಿಗೂಡ ಸ್ಟೇಷನ್ನಿಗೆ ಆಟೋದಲ್ಲಿ ಹೋದೆವು. ರಾಯಚೂರಿನ ಗಾಡಿ ಇನ್ನೂ ಪ್ಲಾಟ್‌ಫಾರ್ಮಿಗೆ ಬಂದಿರಲಿಲ್ಲ. ಬೆಂಚಿನ ಮೇಲೆ ಅಕ್ಕ, ಪಕ್ಕದಲ್ಲಿ ಚೀಲ, ಚೀಲದ ಪಕ್ಕದಲ್ಲಿ ನಾನು. ತಿರುಗಿ ಬರುವ ಟಿಕೀಟು ತೆಗೆಸಲೇ ಎಂದು ಕೇಳಿದೆ. ‘ನೋಡೂಣು’ ಎಂದಳು. ಆ ‘ನೋಡೂಣು’ ಈಗ ನನ್ನ ಕಡೆ ತಿರುಗಿ ಕೂತಿತ್ತು.

ಏನಾದರೂ ಮಾಡಬೇಕಲ್ಲ. ಎದ್ದು ಹೋಗಿ ಒಂದು ನೀರಿನ ಬಾಟಲಿ ತಂದೆ. ಹೊಸ ಬಾಟಲಿಯ ಸೀಲು ಅಕ್ಕನ ಕೈಗೆ ಮುರಿಯುವುದಿಲ್ಲ ಎಂಬುದು ಈ ಸಲ ನನಗೆ ತಾನಾಗಿಯೇ ಹೊಳೆಯಿತು. ಹೆಮ್ಮೆಯಿಂದ ಅವಳ ಎದುರೇ ಸೀಲು ಮುರಿದು ತೆರೆದೆ. ಆಮೇಲೆ, ದೇವರಾಣೆ, ನನಗೆ ಗೊತ್ತಿಲ್ಲದೇ ನನ್ನ ಕೈ ಆ ಮುಚ್ಚಳವನ್ನು ಮತ್ತೆ ‘ಕಟ್’ ಎನ್ನುವವರೆಗೆ ತಿರುಗಿಸಿ ಅವಳ ಕೈಯಲ್ಲಿಟ್ಟಿತು.

ಅಕ್ಕ ಬಾಟಲಿಯನ್ನು ನೋಡಿದಳು. ನನ್ನನ್ನು ನೋಡಿದಳು. ನಾನು ಗಾಬರಿಯಿಂದ ಅದನ್ನು ಕಸಿದುಕೊಂಡು, ತೆರೆದು, ಮುಚ್ಚಳವನ್ನು ಬರೀ ಮೇಲಿಟ್ಟು ಕೊಟ್ಟೆ. ಅರ್ಧ ಬಾಟಲಿ ನೀರು ಅವಳ ಮಡಿಲಿಗೆ ಸುರಿಯಿತು. ಎದುರು ಬೆಂಚಿನ ಹೆಂಗಸು ಬಾಯಿಗೆ ಸೆರಗು ಇಟ್ಟುಕೊಂಡಳು. ಅಕ್ಕ ಮಾತ್ರ ನೆನೆದ ನಿರಿಗೆಯನ್ನು ಕೊಡವುತ್ತ, ಹೊಟ್ಟೆ ಅಲ್ಲಾಡಿಸಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಕ್ಕು ಮುಗಿದ ಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

‘ತಮ್ಮಾ, ಮನಿ ಮುಚ್ಚಳಾ ಎಲ್ಲಾ ಸಡ್ಲ ಮಾಡೀದಿ. ನಿನ್ನ ಬಾಯಿ ಇನ್ನೂ ಬಿಗಿನs ಐತಲ್ಲೋ.’

‘ನಾ ಎಲ್ಲಾ ಮಾಡಿ ತೋರಿಸೀನಲ್ಲಕ್ಕಾ…’

‘ತೋರಿಸೀದಿ. ನೋಡೀನಿ. ನನ್ನ ಕೈ ನೋಯೂದು ಖರೇ ಅಂತ ನೀ ಒಮ್ಮೆರs ಬಾಯಿ ಬಿಟ್ಟು ಅಂದೀಯೇನು? ಊರ ಮಂದೆಲ್ಲಾ ನಂಬ್ಯಾರ, ಇಸ್ತ್ರಿಯಾಂವನೂ ನಂಬ್ಯಾನ. ನಿನ್ನ ಬಾಯಿಂದ ಒಂದ ಮಾತ ಕೇಳಿದ್ರ ತಿರುಗಿ ಬರೂ ಟಿಕೀಟಿನ ವಿಚಾರ ಮಾಡ್ತೀನಿ.’

ನಾನು ಏನೋ ಗೊಣಗಿದೆ. ಅಷ್ಟರಲ್ಲಿ ರಾಯಚೂರಿನ ಗಾಡಿ ಬರುತ್ತಿದೆ ಎಂದು ಮೇಲಿನ ಭೋಂಗಾ ತೆಲುಗು, ಹಿಂದಿ, ಇಂಗ್ಲಿಷು ಮೂರರಲ್ಲೂ ಕೂಗತೊಡಗಿತು. ಅಕ್ಕ ಕಿವಿಗೆ ಕೈ ಇಟ್ಟು, ‘ಕೇಳವಲ್ದು, ಜೋರ್ಲೆ ಹೇಳು’ ಎಂದಳು. ಎದುರು ಬೆಂಚಿನವರು ನಮ್ಮ ಕಡೆ ತಿರುಗಿ ಕೂತರು. ಕೂಲಿಯವನೊಬ್ಬ ತಲೆಯ ಮೇಲಿನ ಟ್ರಂಕು ಸಮೇತ ನಿಂತುಬಿಟ್ಟ. ನಾನು ಎದ್ದು ನಿಂತು, ಅಕ್ಕನ ಎರಡೂ ಕೈಗಳನ್ನು ಒತ್ತದ ಹಾಗೆ, ಸಡಿಲವಾಗಿ ಹಿಡಿದುಕೊಂಡು, ಆ ಭೋಂಗಾದ ಮೇಲೆ ಕೇಳುವಷ್ಟು ಜೋರಾಗಿ ಹೇಳಿದೆ:

‘ಅಕ್ಕಾ, ನಿನ್ನ ಕೈ ನೋಯೂದು ಖರೇ ಐತಿ. ನೀ ಸಡ್ಲ ಇಡು ಅಂದಾಗ ನಾ ಕೇಳಲಿಲ್ಲ. ಮನಸ್ಸ ಮಾಡಿದ್ರ ಬರ್ತೈತಿ ಅಂದೆ. ಮನಸ್ಸ ಮಾಡಬೇಕಾದಾಂವ ನಾನs ಇದ್ದೆ. ತಪ್ಪಾತಕ್ಕಾ, ನಂದು ತಪ್ಪಾತು.’